ಅಪ್‌ಡೇಟ್: ಹಾಲ್‌ನ ಪ್ರತಿಧ್ವನಿ ಕೊನೆಗೂ ಅಡಗಿತು

ಹೊಸ ಮನೆಯ ಹಾಲ್‌ನಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗೆ ಕೇಳುತ್ತದೆ, ಏನು ಮಾಡಲಿ ಅಂತ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಅಡುಗೆಮನೆ, ಊಟದ ಜಾಗ, ಹಾಲ್ ಎಲ್ಲ ಒಂದೇ. ಟೈಲ್ಸ್ ನೆಲ, ಒಂದು ಬದಿ ಪೂರ್ತಿ ಗಾಜು, ಎತ್ತರದ ಸೀಲಿಂಗ್. ಫೋಟೋದಲ್ಲಿ ಚೆಂದ, ಕಿವಿಗೆ ಹಿಂಸೆ.

ದಪ್ಪ ಪರದೆ ಹಾಕಿ ಅಂದವರಿಗೆ ದೊಡ್ಡ ನಮಸ್ಕಾರ! ಆದರೆ ಮೊದಲು ನಾನು ಕಿಟಕಿಯ ಅಗಲಕ್ಕೆ ಸರಿಯಾಗಿ ಬಟ್ಟೆ ತಂದು ಎಡವಟ್ಟು ಮಾಡಿಕೊಂಡೆ. ಎಳೆದಾಗ ಚಪ್ಪಟೆಯಾಗಿ ನಿಲ್ಲುತ್ತಿತ್ತು, ಹೆಚ್ಚು ವ್ಯತ್ಯಾಸವಾಗಲಿಲ್ಲ. ಅಗಲದ 2 ಪಟ್ಟು ಬಟ್ಟೆ ಹಾಕಿ ನೆರಿಗೆ ಬಿಟ್ಟ ಮೇಲೆ ಸದ್ದು ಇಳಿಯಿತು. ಸೋಫಾ ಕೆಳಗೆ ದಪ್ಪ ಕಾರ್ಪೆಟ್ ಹಾಸಿದ ಮೇಲಂತೂ ಟಿವಿ ಮಾತು ಸ್ಪಷ್ಟ.

ಗಿಡದ ಕುಂಡಗಳಿಂದ ಏನೂ ಆಗಲಿಲ್ಲ, ಸುಮ್ನೆ ನೀರು ಹಾಕುವ ಕೆಲಸ ಜಾಸ್ತಿ ಆಯ್ತು. ತೆಳು ಫೋಮ್ ಹಾಳೆಯೂ ಅಷ್ಟಕ್ಕಷ್ಟೆ. ಅದು ಚಪ್ಪಾಳೆಯಂಥ ಚುರುಕು ಸದ್ದನ್ನು ಹೀರುತ್ತದೆ, ದಪ್ಪ ದನಿಯನ್ನಲ್ಲ.

ನನಗೆ ಗೊತ್ತೇ ಇರದ ಇನ್ನೊಂದು ವಿಷಯ: ಪ್ರತಿಧ್ವನಿ ತಗ್ಗಿಸುವುದೇ ಬೇರೆ, ಹೊರಗಿನ ಸದ್ದು ತಡೆಯುವುದೇ ಬೇರೆ. ರಸ್ತೆಯ ಹಾರ್ನ್ ಈಗಲೂ ಹಾಗೇ ಕೇಳುತ್ತದೆ. ಅದಕ್ಕೆ ಕಿಟಕಿಯ ಸಂದುಗಳನ್ನೇ ಮುಚ್ಚಬೇಕಂತೆ. ಮುಂದಿನ ತಿಂಗಳು ನೋಡುತ್ತೇನೆ.