ಕಿಡ್ನಿ ಕಾಯಿಲೆ ಇರುವವರು ಏನು ಕುಡಿಯುತ್ತೀರಿ? ಅನುಭವ ಹೇಳಿ

ಕೇಳಿದವರು: ನನಗೆ ಕಿಡ್ನಿ ಕಾಯಿಲೆ 3ನೇ ಹಂತ. ರಕ್ತದಲ್ಲಿ ಪೊಟ್ಯಾಸಿಯಂ 5.2 ಬಂದಿದೆ, ಸ್ವಲ್ಪ ಜಾಸ್ತಿ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಜ್ಯೂಸ್ ರೂಢಿ. ಯಾವುದನ್ನು ಬಿಡಲಿ?

ಡಯಾಲಿಸಿಸ್‌ನಲ್ಲಿರುವವರು: ಜ್ಯೂಸ್ ಎಂದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಜ್ವರ ಬಂದಾಗ ನೋಡಲು ಬಂದವರೆಲ್ಲ ಕಿತ್ತಳೆ ಜ್ಯೂಸ್ ತಂದು ಕುಡಿಸಿದರು, ಶಕ್ತಿ ಬರುತ್ತೆ ಅಂತ. 240 ಎಂಎಲ್ ಲೋಟದಲ್ಲಿ 450 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಇರುತ್ತದೆ. ಒಬ್ಬರೂ ಹೇಳಲಿಲ್ಲ. ನನ್ನದು 6.8ಕ್ಕೆ ಏರಿತು. ಕಾಲಲ್ಲಿ ಬಲವೇ ಇಲ್ಲ. ಇಸಿಜಿ ನೋಡಿದವರೇ ಐಸಿಯುಗೆ ಹಾಕಿದರು. ಕ್ಯಾಲ್ಸಿಯಂ ಇಂಜೆಕ್ಷನ್, ಇನ್ಸುಲಿನ್ ಜೊತೆ ಗ್ಲೂಕೋಸ್, ರಾತ್ರೋರಾತ್ರಿ ಡಯಾಲಿಸಿಸ್. ಆ ಬಿಲ್ಲಿಗೆ ಸ್ಕೂಟರ್ ಮಾರಿದೆವು, ಆಮೇಲೆ ಸಾಲವೂ ಆಯಿತು. ಈಗ ದಿನಕ್ಕೆ ಕುಡಿಯುವುದು ಹಿಂದಿನ ದಿನ ಎಷ್ಟು ಮೂತ್ರ ಬಂತೋ ಅಷ್ಟು, ಅದರ ಮೇಲೆ 500 ಎಂಎಲ್. ಸೂಪ್, ಐಸ್, ಮಾತ್ರೆ ನುಂಗುವ ನೀರು ಎಲ್ಲ ಅದರೊಳಗೇ.

3ನೇ ಹಂತದಲ್ಲೇ ಇರುವವರು: ನಾನು ಮೊದಲು ಬಿಟ್ಟಿದ್ದು ಕೋಲಾ. ಅದರಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಹೀಗೆ ಬೆರೆಸಿದ ರಂಜಕ (ಫಾಸ್ಫರಸ್) ಬಹುಪಾಲು ರಕ್ತಕ್ಕೇ ಹೋಗುತ್ತದೆ, ಸೋತ ಕಿಡ್ನಿಗೆ ಅದನ್ನು ಹೊರಹಾಕುವುದು ಕಷ್ಟ. ಲೇಬಲ್‌ನಲ್ಲಿ 338 ಎಂದಿದ್ದರೆ ಆ ಆಮ್ಲವೇ. ಕಾಫಿ ಬಿಟ್ಟಿಲ್ಲ. ಒಂದು ಕಪ್ಪಿಗೆ ಪೊಟ್ಯಾಸಿಯಂ 100 ಮಿಲಿಗ್ರಾಂ ಚಿಲ್ಲರೆ. ಅದೇ ಅಳತೆಯ ಹಾಲಿನಲ್ಲಿ 350 ಹತ್ತಿರ, ರಂಜಕ ಬೇರೆ. ಹಾಗಾಗಿ ಹಾಲು ಚಮಚದ ಲೆಕ್ಕ. ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ) ವರ್ಷಗಳಿಂದ ಅಲುಗಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ, ಅಳತೆಗಿಳತೆ ಬೇಡ.

ಡಯಾಲಿಸಿಸ್‌ನಲ್ಲಿರುವವರು: ಅಳತೆ ಬೇಡ ಅಂತ ಸುಮ್ನೆ ಬರೆಯಬೇಡಿ ಸಾರ್. ನನ್ನಂಥವರು ಓದಿ ಕುಡಿದರೆ ನೀರು ಶ್ವಾಸಕೋಶಕ್ಕೆ ತುಂಬುತ್ತದೆ. ಮಲಗಲಾಗದೆ ರಾತ್ರಿಯಿಡೀ ಕೂತು ಉಸಿರೆಳೆದಿದ್ದೀರಾ?

3ನೇ ಹಂತದಲ್ಲೇ ಇರುವವರು: ಕೇಳಿದವರದೂ 3, ನನ್ನದೂ 3. ನಿಮ್ಮ ಕೇಸ್ ಬೇರೆ. ರೇಗುವುದು ಯಾಕೆ?

ಅಪ್ಪನನ್ನು ನೋಡಿಕೊಳ್ಳುವವರು: 3ನೇ ಹಂತದವರಿಗೂ ಜಾಸ್ತಿ ನೀರಿನಿಂದ ಲಾಭ ಕಂಡಿಲ್ಲ. 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಒಂದು ವರ್ಷ ಹೆಚ್ಚು ನೀರು ಕುಡಿಸಿ ನೋಡಿದರು, ಕಿಡ್ನಿ ಕುಸಿಯುವುದು ನಿಧಾನವಾಗಲಿಲ್ಲ. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆಯೂ ಇದೆ. ಶುಗರ್ ಇಳಿದಾಗ ಕಿತ್ತಳೆ ಜ್ಯೂಸ್ ಕೊಡುವಂತಿಲ್ಲ, ಸೇಬಿನದು ಕೊಡುತ್ತೇವೆ. ಪೊಟ್ಯಾಸಿಯಂ ಅರ್ಧದಷ್ಟು. ನಮ್ಮನ್ನು ಹಾಳು ಮಾಡಿದ್ದು ಗಿಡಮೂಲಿಕೆ ಟೀ. ನೆಂಟರೊಬ್ಬರು ಒತ್ತಾಯ ಮಾಡಿ ಕುಡಿಸಿದರು. ಕ್ರಿಯಾಟಿನಿನ್ 2.4 ಇದ್ದದ್ದು 4.1 ಆಯಿತು, ಪೂರ್ತಿ ಇಳಿಯಲೇ ಇಲ್ಲ.

ಗಿಡಮೂಲಿಕೆ ಟೀ ಕುಡಿಯುವವರು: ಗಿಡಮೂಲಿಕೆಯನ್ನೇ ದೂರುವುದು ಈಗ ಫ್ಯಾಷನ್. ನಾನು ದಿನಾ ಕುಡಿಯುತ್ತೇನೆ, ಏನೂ ಆಗಿಲ್ಲ.

ಅಪ್ಪನನ್ನು ನೋಡಿಕೊಳ್ಳುವವರು: ಬೆಲ್ಜಿಯಂನಲ್ಲಿ 1990ರ ದಶಕದಲ್ಲಿ ತೂಕ ಇಳಿಸುವ ಗಿಡಮೂಲಿಕೆ ತಿಂದ ಹೆಂಗಸರ ಕಿಡ್ನಿ ಹೋಯಿತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲವೇ ಕಾರಣ. ಅದೂ ಫ್ಯಾಷನ್ನೇ? ನಿಮ್ಮ ಪುಡಿಯಲ್ಲಿ ಏನೇನಿದೆ, ಇಲ್ಲಿ ಬರೆಯಿರಿ ನೋಡೋಣ.

ಗಿಡಮೂಲಿಕೆ ಟೀ ಕುಡಿಯುವವರು: ಕೊಟ್ಟವರು ಅದನ್ನೆಲ್ಲ ಹೇಳುವುದಿಲ್ಲ ಮೇಡಂ. ನಂಬಿಕೆ ಮೇಲೆ ಕುಡಿಯುತ್ತೇನೆ.

ಡಯಾಲಿಸಿಸ್‌ನಲ್ಲಿರುವವರು: ನಿಮ್ಮ ಮುಂದಿನ ರಕ್ತ ಪರೀಕ್ಷೆ ಯಾವಾಗ? ರಿಪೋರ್ಟ್ ಬಂದ ಕೂಡಲೇ ಇಲ್ಲೇ ಹಾಕಿ.