ಬ್ರೇಕ್ ಆಯಿಲ್ ನಿಜವಾಗಲೂ ಬದಲಾಯಿಸಬೇಕಾ? ಅನುಭವ ಇದ್ದವರು ಹೇಳಿ

ಕಾರಿಗೆ ಮೂರು ವರ್ಷ ಆಯಿತು. ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಡಬ್ಬಿಯಲ್ಲಿ ಮಟ್ಟವೂ ಸರಿ ಇದೆ. ಆದರೂ ಸರ್ವಿಸ್‌ನಲ್ಲಿ ಆಯಿಲ್ ಬದಲಾಯಿಸಿ ಅಂತಾರೆ. ಸುಮ್ನೆ ಖರ್ಚಾ, ಬೇಕೇ ಬೇಕಾ?

ಉತ್ತರ 1: ಬೇಕೇ ಬೇಕು. ಈಗ ಬ್ರೇಕ್ ಹಿಡಿಯುತ್ತದೆ ಅನ್ನೋದನ್ನು ನಂಬಬೇಡಿ. ಡಾಟ್ 3, ಡಾಟ್ 4 (ಬ್ರೇಕ್ ಆಯಿಲ್‌ನ ದರ್ಜೆಗಳು) ಆಯಿಲ್‌ಗಳು ತೇವ ಹೀರಿಕೊಳ್ಳುತ್ತವೆ. ಮುಚ್ಚಳ ಎಷ್ಟು ಬಿಗಿ ಇದ್ದರೂ ರಬ್ಬರ್ ಹೋಸ್‌ಗಳ ಮೂಲಕವೂ ಅದು ನಿಧಾನವಾಗಿ ಒಳಗೆ ಸೇರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ ಇದೆ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 155. ದಿನಾ ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗಲ್ಲ. ತುಂಬಿದ ಕಾರಿನಲ್ಲಿ ಉದ್ದದ ಘಾಟಿ ಇಳಿಯುತ್ತಾ ಬ್ರೇಕ್ ಒತ್ತುತ್ತಲೇ ಇದ್ದರೆ ಕ್ಯಾಲಿಪರ್ (ಚಕ್ರದ ಹತ್ತಿರ ಪ್ಯಾಡ್ ಒತ್ತುವ ಭಾಗ) ಕಾಯುತ್ತದೆ, ಆಯಿಲ್ ಕುದ್ದು ಆವಿಯ ಗುಳ್ಳೆ ಏಳುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ ಅಲ್ವಾ, ಪೆಡಲ್ ಕೆಳಗೆ ಹೋಗುತ್ತದೆ ಆದರೆ ಕಾರು ನಿಲ್ಲುವುದಿಲ್ಲ. ತಣ್ಣಗಾದ ಮೇಲೆ ಎಲ್ಲಾ ಮೊದಲಿನ ಹಾಗೇ! ಅದಕ್ಕೇ ಲಕ್ಷಣ ಕಾಣಲಿ ಅಂತ ಕಾಯಬಾರದು. ಕಾರಿನ ಪುಸ್ತಕದಲ್ಲಿ ಎಷ್ಟು ಅಂತ ನೋಡಿ, ಹೆಚ್ಚಿನವುಗಳಲ್ಲಿ ಎರಡು ವರ್ಷ ಅಂತ ಇರುತ್ತದೆ. ಕಡಿಮೆ ಓಡಿಸಿದ್ದರೂ ಅಷ್ಟೇ, ನಿಂತ ಕಾರಿನ ಆಯಿಲ್ ಕೂಡ ತೇವ ಹೀರುತ್ತದೆ.

ಉತ್ತರ 2: ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ನಮ್ಮ ಕಾರಿನಲ್ಲಿ ಮೇಲಿನ ಡಬ್ಬಿಯಲ್ಲಿದ್ದದ್ದು ತಿಳಿ ಹಳದಿ. ಚಕ್ರದ ಹತ್ತಿರ ಬ್ಲೀಡರ್ (ಆಯಿಲ್ ಹೊರಗೆ ಬಿಡುವ ಸ್ಕ್ರೂ) ಸಡಿಲ ಮಾಡಿದಾಗ ಪೈಪಿನಲ್ಲಿ ಇಳಿದದ್ದು ಕಷಾಯದ ಹಾಗೆ ಕಪ್ಪು. ಪೆನ್ ತರಹದ ಟೆಸ್ಟರ್‌ನಲ್ಲೂ ಇದೇ ತೊಂದರೆ, ಅದ್ದಿದ ಜಾಗದ ನೀರು ಮಾತ್ರ ತೋರಿಸುತ್ತದೆ. ಕೆಂಪು ದೀಪ ಬಂದರೆ ತಕ್ಷಣ ಬದಲಾಯಿಸಿ, ಹಸಿರು ಬಂತು ಅಂತ ಇನ್ನೂ ಒಂದು ವರ್ಷ ತಳ್ಳಬೇಡಿ.

ಉತ್ತರ 3: ಮಟ್ಟದ ಬಗ್ಗೆ ಒಂದು ಮಾತು. ಪ್ಯಾಡ್ ಸವೆದ ಹಾಗೆ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಆಗ ಪ್ಯಾಡ್ ನೋಡಿಸಿ. ಬೇಗ ಬೇಗ ಇಳಿದರೆ ಸೋರಿಕೆ, ಆ ಕಾರು ಓಡಿಸಬೇಡಿ. ಹಳೇ ಆಯಿಲ್ ಮೇಲೆ ಹೊಸದು ಸುರಿದರೆ ಬದಲಾಯಿಸಿದ ಹಾಗೆ ಆಗಲ್ಲ, ನಾಲ್ಕೂ ಚಕ್ರದಿಂದ ಹಳೆಯದು ಹೋಗಿ ಹೊಸದು ಬರೋವರೆಗೆ ಬ್ಲೀಡ್ ಮಾಡಿಸಬೇಕು. ಆಗಲೇ ಹತ್ತಿರ ನಿಂತು ನೋಡಿ.

ಉತ್ತರ 4: ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬೇಡ, ಅದೂ ತೇವ ಹೀರಿರುತ್ತದೆ. ಮುಚ್ಚಳದ ಮೇಲೆ ಬರೆದ ದರ್ಜೆಯದ್ದನ್ನೇ ಹಾಕಿಸಿ. ಡಾಟ್ 5 ಸಿಲಿಕೋನ್‌ನದ್ದು, ಡಾಟ್ 5.1 ಹಾಗಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಆಗಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.