ನೀರಿನ ರಾಕೆಟ್ ಮೇಲಕ್ಕೇನೋ ಹೋಗುತ್ತದೆ, ಪ್ಯಾರಾಚೂಟೇ ಬಿಚ್ಚುತ್ತಿಲ್ಲ!

ಕೇಳಿದವರು: ಶಿರಾ ಕಡೆಯ ಹೈಸ್ಕೂಲ್ ಟೀಚರ್

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಮಕ್ಕಳು 2 ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ನೀರಿನ ರಾಕೆಟ್ ಮಾಡಿದ್ದಾರೆ. ಸೈಕಲ್ ಪಂಪಿನಲ್ಲಿ ಗಾಳಿ ತುಂಬುತ್ತೇವೆ. ಹಾರುವುದು ಚೆನ್ನಾಗಿಯೇ ಹಾರುತ್ತದೆ. ಆದರೆ ಏಳು ಸಲದಲ್ಲಿ ಪ್ಯಾರಾಚೂಟ್ ಬಿಚ್ಚಿದ್ದು ಎರಡೇ ಸಲ. ಫಾರಿನ್‌ನವರ ಹಾಗೆ ರಾಕೆಟ್ ತುದಿಯ ಟೋಪಿ ಕೆಳಗೆ ಚಿಟಿಕೆ ಪಟಾಕಿ ಮದ್ದು ಇಡಿ ಅಂತ ಒಬ್ಬರು ಹೇಳಿದರು. ಇಡಬಹುದಾ?

ತುಮಕೂರಿನಿಂದ, ಕಾಲೇಜಿನಲ್ಲಿ ರಾಕೆಟ್ ಹಾರಿಸಿದವನು

ಮೇಡಂ, ಮದ್ದಿನ ಮಾತು ಬಿಟ್ಟೇಬಿಡಿ. ದೊಡ್ಡ ರಾಕೆಟ್‌ನವರು ಅದನ್ನು ಬಳಸುವುದು ನಿಜ, ಅದಕ್ಕೆ ತರಬೇತಿ, ಲೈಸೆನ್ಸ್ ಎಲ್ಲ ಇರುತ್ತದೆ. ನಿಮ್ಮದು ಪ್ಲಾಸ್ಟಿಕ್ ಬಾಟಲಿ, ಸುತ್ತ ಮಕ್ಕಳು. ಆದರೆ ಅವರ ಒಂದು ಅಭ್ಯಾಸ ಮಾತ್ರ ಕಲಿಯಿರಿ. ಹಾರಿಸುವ ಮೊದಲು ನೆಲದ ಮೇಲೇ ಬಿಚ್ಚಿಸಿ ನೋಡುತ್ತಾರೆ.

ನಾವು ಇದನ್ನೇ ಮಾಡಿರಲಿಲ್ಲ. ಖಾಲಿ ಟೋಪಿ ಬೆಣ್ಣೆಯ ಹಾಗೆ ಜಾರುತ್ತಿತ್ತು, ಸಾಕು ಅಂದುಕೊಂಡೆವು. ಪ್ಯಾರಾಚೂಟ್ ತುರುಕಿದ ಮೇಲೆ ಅದು ಪಕ್ಕಕ್ಕೆ ಉಬ್ಬಿ ಟೋಪಿಯನ್ನು ಕಚ್ಚಿ ಹಿಡಿಯುತ್ತಿತ್ತು. ಬಿಸಿಲಲ್ಲಿ ಅರ್ಧ ಗಂಟೆ ಇಟ್ಟರೆ ಪ್ಲಾಸ್ಟಿಕ್ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಮುಖದ ಪೌಡರ್ ಉದುರಿಸಿ ಮಡಚಿ, ಅಂಟುವುದಿಲ್ಲ. ದಾರವನ್ನು ಪ್ಯಾರಾಚೂಟಿಗೆ ಬಿಗಿಯಾಗಿ ಸುತ್ತಬೇಡಿ. ಹಾರುವಾಗ ಇರುವ ಹಾಗೇ ಎಲ್ಲ ತುಂಬಿ, ರಾಕೆಟ್ಟನ್ನು ಮೆಲ್ಲಗೆ ತಲೆಕೆಳಗು ಮಾಡಿ. ಟೋಪಿ ತಾನಾಗೇ ಬಿದ್ದು, ಹಿಂದೆಯೇ ಪ್ಯಾರಾಚೂಟ್ ಜಾರಬೇಕು. ಹತ್ತಕ್ಕೆ ಹತ್ತು ಸಲ ಬಿದ್ದರೆ ಮಾತ್ರ ಮೈದಾನಕ್ಕೆ ಹೋಗಿ. ಎಂಟಾದರೂ ಬಿದ್ದಿತಲ್ಲ ಅನ್ನಬೇಡಿ.

ಅಳತೆ ಬೇಕಾದರೆ: ನೀರು ಖಾಲಿಯಾದ ಮೇಲೆ ರಾಕೆಟ್ 200 ಗ್ರಾಂ ತೂಗಿದರೆ, ಸುಮಾರು 50 ಸೆಂಟಿಮೀಟರ್ ಅಗಲದ ದುಂಡು ಪ್ಯಾರಾಚೂಟ್ ಸಾಕು. ಸೆಕೆಂಡಿಗೆ 5 ಮೀಟರ್ ಆಸುಪಾಸಿನ ವೇಗದಲ್ಲಿ ಇಳಿಯುತ್ತದೆ. ಹಳೇ ಛತ್ರಿ ಬಟ್ಟೆ ಚೆನ್ನ. ನಡುವೆ ಸಣ್ಣ ತೂತು ಬಿಡಿ, ತೂಗಾಡುವುದು ಕಡಿಮೆಯಾಗುತ್ತದೆ.

ಗುಬ್ಬಿಯ ಮೇಷ್ಟ್ರು

ನೆಟ್ಟಗೆ ಹಾರಲಿ ಅಂತ ಟೋಪಿಯೊಳಗೆ ಜೇಡಿಮಣ್ಣು ಮೆತ್ತಿದ್ದೀರಾ ಮೇಡಂ? ನಾನು ಮೆತ್ತಿ ಕೆಟ್ಟಿದ್ದೆ. ನೀರು ಮುಗಿದ ಕ್ಷಣ ಗಾಳಿ ತಡೆದು ಬಾಟಲಿ ನಿಧಾನವಾಗುತ್ತದೆ, ಭಾರದ ಟೋಪಿ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಇನ್ನೂ ಮೇಲೇರುತ್ತಿರುವಾಗಲೇ ಪ್ಯಾರಾಚೂಟ್ ಹೊರಗೆ ಬಂದು ದಾರ ಪಟಪಟ ಕಿತ್ತುಹೋಯಿತು. ಮಣ್ಣನ್ನು ಟೋಪಿಯಿಂದ ತೆಗೆದು, ಅದರ ಕೆಳಗಿನ ಕದಲದ ಭಾಗಕ್ಕೆ ಮೆತ್ತಿದ ಮೇಲೆ ಸರಿಯಾಯಿತು.

ಇನ್ನೊಂದು, ನೀರಿನ ಬಾಟಲಿ ಬೇಡ, ಗ್ಯಾಸ್ ತುಂಬಿದ ಕೂಲ್‌ಡ್ರಿಂಕ್ಸ್‌ನದೇ ಆಗಬೇಕು. ಗೀರು ಬಿದ್ದದ್ದನ್ನು ಎಸೆಯಿರಿ. ಮೊದಲ ಸಲ ಬಾಟಲಿ ತುಂಬ ನೀರು ತುಂಬಿಯೇ ಪಂಪ್ ಹೊಡೆದು ಪರೀಕ್ಷಿಸಿ, ಒಡೆದರೂ ಗಾಳಿ ಬಾಟಲಿಯಷ್ಟು ಸಿಡಿಯುವುದಿಲ್ಲ. ನಾನು ಗಾಳಿಯ ಒತ್ತಡವನ್ನು 60 ಪಿಎಸ್‌ಐ ದಾಟಿಸುವುದೇ ಇಲ್ಲ. ಮಕ್ಕಳು ಎಷ್ಟು ಕಿರುಚಿದರೂ ಇಲ್ಲ.

ಪಾವಗಡದಿಂದ

ಬೆಳಗ್ಗೆ ಎಂಟರೊಳಗೆ ಹಾರಿಸಿ. ನಾವು ಆಷಾಢದ ಗಾಳಿಯಲ್ಲಿ ಹಾರಿಸಿ, ಪ್ಯಾರಾಚೂಟ್ ಚೆನ್ನಾಗಿ ಬಿಚ್ಚಿಕೊಂಡಿದ್ದಕ್ಕೇ ಪಕ್ಕದೂರಿನ ಹೊಲದವರೆಗೂ ಓಡಿದ್ದೇವೆ.

ಕೇಳಿದ ಟೀಚರ್, ಹತ್ತು ದಿನ ಬಿಟ್ಟು

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಮಣ್ಣು ಟೋಪಿಯಲ್ಲೇ ಇತ್ತು! ಪ್ಯಾರಾಚೂಟನ್ನೂ ಸಿಕ್ಕಾಪಟ್ಟೆ ಬಿಗಿಯಾಗಿ ತುರುಕಿದ್ದೆವು. ಎರಡೂ ಸರಿ ಮಾಡಿ, ಸ್ಟಾಫ್ ರೂಮಿನಲ್ಲೇ ತಲೆಕೆಳಗು ಮಾಡಿ ಮಾಡಿ ನೋಡಿದೆವು. ಆಮೇಲೆ ಆರು ಸಲ ಹಾರಿಸಿ ಐದು ಸಲ ಬಿಚ್ಚಿತು. ಆರನೆಯದೂ ಬಿಚ್ಚಿತೋ ಏನೋ, ಹುಣಸೆಮರದೊಳಗೆ ಹೋಯಿತು. ಈಗ ಯಾರು ಹತ್ತಬೇಕು ಅಂತ ಹುಡುಗರಲ್ಲಿ ಜಗಳ.